ಆಯಿಯ ಸ್ನಾನಕ್ಕೊಂದು ಕೈಝಾರಿ

ಅಂದು ಬೆಳಿಗ್ಗೆ ಅಂಗಳ ಗುಡಿಸಿದೆ. ನೆನೆದ ಮಡಕೆಕಾಳು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ರೊಟ್ಟಿ ಬಡಿದು, ಒಂದನ್ನು ನಿಂತೇ ತಿಂದು, ಉಳಿದವನ್ನು ಬುಟ್ಟಿಯಲ್ಲಿ ಮುಚ್ಚಿದೆ. ದವಾಖಾನೆಗೆ ಹೋಗಿ ಸ್ಟೋವಿಗೆ ಪಂಪು ಹೊಡೆದು ಸಿರಿಂಜು, ಸೂಜಿ ಕುದಿಯಲಿಟ್ಟೆ. ಮೋರಟಗಿಯ ರೈತನೊಬ್ಬನ ಕಾಲಿಗೆ ಕುಡುಗೋಲು ತಾಗಿತ್ತು, ಪಟ್ಟಿ ಬಿಚ್ಚಿ ತೊಳೆದು ಬೇರೆ ಕಟ್ಟಿದೆ. ಕನ್ನೊಳ್ಳಿಯಿಂದ ಬಂಡಿಯಲ್ಲಿ ಬಂದ ಬಸುರಿಯನ್ನು ನೋಡಿ, ಇನ್ನೂ ದಿನ ಇದೆ ಎಂದು ಕಳಿಸಿದೆ. ಬ್ಯಾಂಡೇಜು ಒಗೆದು ಹಗ್ಗಕ್ಕೆ ಹಾಕಿದೆ. ಆಮೇಲೆ ಡಾಕ್ಟರು ಕರೆದು, ಪೇಟೆಯ ಹಿಂದಿನ ಓಣಿಯ ಮಾಸ್ತರರ ಮನೆಗೆ ಹೋಗಿ ಅವರ ತಾಯಿಯ ಬೆನ್ನು ನೋಡಿ ಬರಲು ಹೇಳಿದರು.

ಸಿಂದಗಿಯ ದವಾಖಾನೆಯಲ್ಲಿ ಆಗ ನಾನೊಬ್ಬಳೇ ನರ್ಸು. ಊರೆಲ್ಲ ನನ್ನನ್ನು ನರಸಬಾಯಿ ಎಂದೇ ಕರೆಯುತ್ತಿತ್ತು. ಮನೆಗೆ ಹೋಗಿ ಪಟ್ಟಿ ಕಟ್ಟಿ ಬರುವುದು ಹೊಸ ಕೆಲಸವೇನಲ್ಲ. ಹಾಗೆಂದುಕೊಂಡೇ ಚೀಲ ತೆಗೆದುಕೊಂಡು ಹೊರಟೆ.

ಮಾಸ್ತರರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿಗೆ ಲಕ್ವ ಹೊಡೆದು, ಸೋಲಾಪುರದ ಆಸ್ಪತ್ರೆಯಲ್ಲಿದ್ದು, ಆ ವಾರವಷ್ಟೇ ಊರಿಗೆ ಬಂದಿದ್ದರು. ಬಲಗೈ, ಬಲಗಾಲು ಸತ್ತಿದ್ದವು. ಅಲ್ಲಾಡದಿರುವುದು ಒಂದು ಕಡೆಗಿರಲಿ, ಆ ಅರ್ಧ ಮೈಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಸೂಜಿಯ ಮೊನೆ ಮುಟ್ಟಿಸಿ ನೋಡಿದೆ. ಎಡಗಡೆ ಮುಟ್ಟಿದರೆ ಹುಬ್ಬು ಗಂಟಿಕ್ಕುತ್ತಿದ್ದರು, ಬಲಗಡೆ ಮುಟ್ಟಿದರೆ ಸೂರಿನ ತೊಲೆ ನೋಡುತ್ತಿದ್ದರು. ಸೊಂಟದ ಕೆಳಗೆ ಹಾಸಿಗೆ ಹುಣ್ಣು, ಅಂಗೈಯಗಲ. ಅಂಚು ಬೆಳ್ಳಗಾಗಿತ್ತು.

"ದಿನಾ ತೊಳದು ಒಣಗಸಬೇಕ್ರಿ. ಇದು ಒಳಗ ಇಳೀತಂದ್ರ ಕೈಯಾಗ ಉಳಿಯೂದಿಲ್ಲ," ಎಂದೆ.

"ದಿನಾ ಸ್ನಾನ ಆಗೇ ಆಗ್ತದ," ಎಂದು ಬಾಗಿಲಿಂದ ಒಬ್ಬರು ಹೇಳಿದರು. ಆಯಿಯ ತಂಗಿ, ಮಾಸ್ತರರ ಮಾವಶಿ. ಕೆಂಪು ಸೀರೆ, ಸೆರಗು ಹೊದ್ದ ಬೋಳುತಲೆ. ಅಕ್ಕತಂಗಿಯರಿಬ್ಬರೂ ವಿಧವೆಯರು, ಇಬ್ಬರಿಗೂ ವಯಸ್ಸಾಗಿತ್ತು, ಆದರೆ ಮಾವಶಿ ಬಾವಿಯಿಂದ ತಾವೇ ನೀರು ಸೇದುತ್ತಿದ್ದರು. "ಸ್ನಾನ ಇಲ್ಲದ ಅಕ್ಕ ಒಂದಗಳು ಬಾಯಾಗ ಹಾಕಿಲ್ಲ, ಹುಟ್ಟಿದಾಗಿಂದ."

ಆ ಮಾತಿನ ಭಾರ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಸ್ನಾನ ನೋಡಿದಾಗ.

ಬಚ್ಚಲು ಮನೆಯ ಹಿಂದಿತ್ತು. ಒಂದೇ ಕಿಂಡಿ, ಹೊಗೆ ಹಿಡಿದ ಗೋಡೆ, ಒಲೆಯ ಮೇಲೆ ತಾಮ್ರದ ಹಂಡೆ. ನಾನು ಹೊಸ್ತಿಲ ಹೊರಗೆ ನಿಂತೆ. ನಾನು ಮುಟ್ಟಿದರೆ ಮಡಿ ಕೆಡುತ್ತದೆ, ಅದು ಆ ಮನೆಯ ಪದ್ಧತಿ. ಸ್ನಾನ ಆಗಬೇಕು, ಊಟ ಆಗಬೇಕು, ಆಮೇಲೆ ನಾನು ಮುಟ್ಟಿ ಪಟ್ಟಿ ಕಟ್ಟಬೇಕು. ಮಾವಶಿ ಆಯಿಯನ್ನು ಮಣೆಯ ಮೇಲೆ ಕೂರಿಸಿ, ಸೊಸೆ, ಮಾಸ್ತರರ ಹೆಂಡತಿ, ಹಿಂದಿನಿಂದ ಹಿಡಿದಿರಲು, ತಂಬಿಗೆ ತುಂಬಿ ನೆತ್ತಿಯ ಮೇಲೆ ಸುರಿದರು. ಬಾಯಲ್ಲಿ ದೇವರ ನಾಮ. ನೀರು ಮುಖದ ಮೇಲೆ ಇಳಿಯಿತು. ಆಯಿಯ ತುಟಿ ಬಲಗಡೆ ಜೋತಿತ್ತು, ಮುಚ್ಚುತ್ತಿರಲಿಲ್ಲ. ಎರಡನೆಯ ತಂಬಿಗೆಗೆ ಕೆಮ್ಮು ಬಂತು, ಮೂರನೆಯದಕ್ಕೆ ಕೆಮ್ಮೂ ನಿಂತಿತು. ತುಟಿಗಳು ನೇರಳೆಯಾದವು.

"ನಿಲ್ಲಸ್ರಿ! ನೀರು ಎದಿಯೊಳಗ ಹೋಗಾಕತ್ತೈತಿ!"

"ಸ್ನಾನಕ್ಕ ಕೂತವರನ್ನ ನಡುವ ಎಬ್ಬಸ್ತಾರೇನವಾ?" ಎಂದರು ಮಾವಶಿ. ಆದರೂ ತಂಬಿಗೆ ಕೆಳಗಿಟ್ಟರು. ಸೊಸೆ ಆಯಿಯನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಎದೆಯಲ್ಲಿ ಗೊರಗೊರ ಸದ್ದು ಮಾತ್ರ ಸಂಜೆಯವರೆಗೆ ಹೋಗಲಿಲ್ಲ.

ಮುಂದಿನ ದಿನ ಬಟ್ಟೆ ಅದ್ದಿ ಮೈ ಒರೆಸಲು ಹೇಳಿದೆ. ಸೊಸೆ ಚೆನ್ನಾಗಿಯೇ ಒರೆಸಿದರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ, ನನಗಿಂತ ಸ್ವಲ್ಪ ಚಿಕ್ಕವರು, ಕೈ ಮೃದು. ಅನ್ನ ಕಲಸಿ ತಂದಿಟ್ಟಾಗ ಆಯಿ ಎಡಗೈಯಿಂದ ತಟ್ಟೆಯನ್ನು ದೂರ ಸರಿಸಿದರು.

"ಒರಸಿದ್ದು... ಸ್ನಾನ ಅಲ್ಲ," ಎಂದರು. ನಾಲಿಗೆ ದಪ್ಪವಾಗಿದ್ದರೂ ಮಾತು ಸ್ಪಷ್ಟ.

ಅಂದು ಅವರು ತಿನ್ನಲಿಲ್ಲ. ಮರುದಿನವೂ ತೀರ್ಥ, ತುಳಸಿ ಎಲೆ, ಅಷ್ಟೇ. ಕೈಯ ಮೇಲಿನ ಚರ್ಮ ಚಿವುಟಿ ಎತ್ತಿದರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ನಾನು ಅದನ್ನು ವೈನಿಗೂ ಮಾಸ್ತರರಿಗೂ ತೋರಿಸಿದೆ. ತಲೆಯಿಂದ ನೀರು ಹಾಕಿದರೆ ಉಸಿರು ಕಟ್ಟುತ್ತದೆ, ಹಾಕದಿದ್ದರೆ ಅನ್ನ ಕಟ್ಟುತ್ತದೆ. ಮುಖಕ್ಕೆ ತಾಗದಂತೆ, ಹಿಂದಲೆಯಿಂದ ಬೆನ್ನಿಗೆ, ಹೆಗಲಿಂದ ಕಾಲಿಗೆ ಸಣ್ಣಗೆ ಹರಿಯುವ ನೀರು ಬೇಕು. ಅದೂ ಹಿಡಿದವರ ಕೈಯಲ್ಲಿ ಬೇಕೆಂದಾಗ ನಿಲ್ಲಬೇಕು.

"ಸೋಲಾಪುರದ ಲಾಜಿನ ಬಚ್ಚಲದಾಗ ಕೈಯಾಗ ಹಿಡಿಯೂ ಶವರ್ ನೋಡೇನಿ," ಎಂದರು ಮಾಸ್ತರರು. "ತರ್ತೇನಿ. ಆದರ ನಮ್ಮ ಮನ್ಯಾಗ ನಳಾನ ಇಲ್ಲಲ್ಲ?"

"ಡಬ್ಬಿ ಮ್ಯಾಲ ತೂಗಹಾಕೂಣ್ರಿ. ನೀರು ತಾನ ಇಳೀತೈತಿ."

ಇಂಡಿ ರೋಡ್ ಸ್ಟೇಷನ್ನಿಗೆ ಬಸ್ಸು, ಅಲ್ಲಿಂದ ರೈಲು. ಮಾರನೆಯ ದಿನ ಹೊಳೆಯುವ ಹಿತ್ತಾಳೆಯ ಶವರ್ ಬಂತು, ಟೆಲಿಫೋನಿನ ಹಿಡಿಕೆಯಂತೆ, ಉದ್ದನೆಯ ರಬ್ಬರ್ ನಳಿಗೆಯ ಜೊತೆ. ಮಾಸ್ತರರು ಎಣ್ಣೆ ಡಬ್ಬಿಯೊಂದಕ್ಕೆ ತೂತು ಹೊಡೆಸಿ ನಳಿಗೆ ಜೋಡಿಸಿ, ಗೋಡೆಯ ಗೂಟಕ್ಕೆ ತೂಗುಹಾಕಿದರು. ನಾನು ಮೊದಲು ನನ್ನ ಮುಂಗೈಗೆ ಬಿಟ್ಟುಕೊಂಡೆ. ನಳದ ಒತ್ತಡಕ್ಕೆ ಮಾಡಿದ ವಸ್ತು ಅದು, ಡಬ್ಬಿಯ ನೀರಿಗೆ ಬಗ್ಗಲಿಲ್ಲ. ಕೆಳಗಿನ ತೂತುಗಳಿಂದ ಒಂದೇ ದಾರವಾಗಿ ಸುರಿಯಿತು. ಭಾರ ಬೇರೆ. ವೈನಿಯ ಮಣಿಕಟ್ಟು ಸೋತು ನಡುನಡುವೆ ಬಾಗುತ್ತಿತ್ತು. ಆದರೂ ಆಯಿಗೆ ಅದರಲ್ಲೇ ಸ್ನಾನವಾಯಿತು, ಅವರು ಸ್ವಲ್ಪ ಉಂಡರು. ನಾವೆಲ್ಲ ನಕ್ಕೆವು.

ಊಟದ ನಂತರ ಪಟ್ಟಿ ಕಟ್ಟಲು ಸೀರೆ ಸರಿಸಿದಾಗ ಬಲತೊಡೆಯ ಮೇಲೆ ದುಂಡಗೆ ಕೆಂಪು ಗುರುತು ಕಂಡಿತು. ನಡುವೆ ಗುಳ್ಳೆ ಎದ್ದಿತ್ತು. ನೀರು ಹದವಾಗಿಯೇ ಇತ್ತು. ಆದರೆ ನೀರು ಹರಿಸುವ ಮೊದಲು ಆ ಹಿತ್ತಾಳೆಯನ್ನು ಮಡಿಗೆಂದು ಹಂಡೆಯ ಕುದಿನೀರಿನಲ್ಲಿ ಅದ್ದಿದ್ದರು. ನೀರು ಬಿಡುವ ಮುಂಚೆಯೇ ವೈನಿ ಸೋಪು ತೆಗೆದಿಡಲು ಬಾಗಿದಾಗ ಕಾದ ಹಿತ್ತಾಳೆ ಆ ತೊಡೆಯ ಮೇಲೆ ಕುಳಿತಿತ್ತು.

"ಆಯೀ, ಉರೀತೈತೇನ್ರಿ?"

"ಎಲ್ಲೆ?" ಎಂದು ಅವರು ನನ್ನನ್ನೇ ಕೇಳಿದರು.

ಆ ಪ್ರಶ್ನೆ ಕೇಳಿದಂದಿನಿಂದ ಆ ಬಚ್ಚಲಿನ ಹೊಸ್ತಿಲಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಅವರ ಬಲಗಡೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಈ ಮೈಯ ಅರ್ಧ ಭಾಗ ಬೆಂದುಹೋದರೂ ಅದರ ಒಡತಿಗೆ ಸುದ್ದಿ ಮುಟ್ಟುವುದಿಲ್ಲ. ನಾವೇ ನೋಡಬೇಕು, ನಾವೇ ಕೂಗಬೇಕು.

ಹಿತ್ತಾಳೆ ಬಿಟ್ಟೆವು. ದವಾಖಾನೆಯಲ್ಲಿ ಬಿಳಿ ಎನಾಮಲ್ ಡಬ್ಬಿಯೊಂದಿತ್ತು, ಕೆಳಗೆ ರಬ್ಬರ್ ನಳಿಗೆ, ಅದನ್ನು ಚಿವುಟಿ ಹಿಡಿಯಲು ಚಿಮಟ. ಹಗುರ, ನೀರು ನಿಲ್ಲಿಸುವುದು ಸುಲಭ. ಡಾಕ್ಟರನ್ನು ಕೇಳಿ ತಂದೆ. ಮಾವಶಿ ಅದನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡರು.

"ನರಸಬಾಯಿ, ಇದನ್ನ ದವಾಖಾನ್ಯಾಗ ಎಲ್ಲೆ ಹಾಕ್ತಾರ ಅನ್ನೂದು ನನಗ ಗೊತ್ತದ. ನಮ್ಮ ಯಜಮಾನರಿಗೆ ಹಾಕಿದ್ರು."

"ಕುದಿಸೇನ್ರಿ ಮಾವಶಿಯವರ, ಹೊಚ್ಚ ಹೊಸದು."

"ನೀ ಗಂಗಿಯೊಳಗ ಕುದಿಸಿ ತಾ. ಅದು ಎನಿಮಾ ಡಬ್ಬಿನ. ಅಕ್ಕನ ನೆತ್ತಿ ಮ್ಯಾಲ ಅದನ್ನ ತೂಗಹಾಕ್ತೀಯೇನು?"

ಹಾಸಿಗೆಯಲ್ಲಿದ್ದ ಆಯಿ ಆ ವಾರದಲ್ಲಿ ಮೊದಲ ಸಲ ನಕ್ಕರು, ಅರ್ಧ ಬಾಯಿಯಲ್ಲಿ. ಡಬ್ಬಿ ಚೀಲದೊಳಗೆ ಹೋಯಿತು. ಚಿಮಟವನ್ನು ಮಾತ್ರ ನಾನು ಹೊರಗಿಟ್ಟುಕೊಂಡೆ.

ಸಂತೆ ಬಯಲಿನ ಪಕ್ಕದಲ್ಲಿ ತಗಡಿನ ಕೆಲಸ ಮಾಡುವ ಒಬ್ಬ ಚಾಚಾ ಇದ್ದ. ಅವನ ತಂದೆ, ಅಜ್ಜ ಎಲ್ಲ ಅಲ್ಲಿಯೇ ಕೂತು ಲಾಟೀನು, ಕೊಳವೆ, ಗಿಂಡಿ ಮಾಡಿದವರು. ನಾನು ಚಿಮಟ, ಹಿತ್ತಾಳೆ ಶವರಿನ ನಳಿಗೆ ಎರಡನ್ನೂ ಅವನ ಮುಂದಿಟ್ಟು ಬೇಕಾದದ್ದನ್ನು ಹೇಳಿದೆ.

"ತೋಟಕ್ಕ ನೀರು ಹೊಡಿಯೂ ಝಾರಿ ಮುಖಾ ಇದ್ದಂಗ ಅನ್ರಿ," ಎಂದ.

"ಹೌದು, ಆದರ ಕೈಯಾಗ ಹಿಡಿಯೂದು. ಮುದುಕರ ಚರ್ಮ, ಚಾಚಾ. ಹಾಲಿನ ಕೆನಿ ಇದ್ದಂಗ ಐತಿ. ಒಂದು ತಗಡಿನ ಮುಳ್ಳು ಇರಬಾರದು."

"ನನ್ನ ಹೇಣತಿಗೂ ಮೊಣಕಾಲು ಹೋಗ್ಯಾವ. ಅಕಿಗೆ ಒಂದು, ನಿಮ್ಮ ಆಯಿಗೆ ಒಂದು ಮಾಡ್ತೇನಿ. ಮೊದಲ ಅಕಿ ಬೈತಾಳೋ ಇಲ್ಲೋ ನೋಡಿ ನಿಮಗ ಕೊಡ್ತೇನಿ."

ಮೊದಲನೆಯದರ ತೂತು ದೊಡ್ಡವಾದವು, ಡಬ್ಬಿ ಸೋಪು ಹಚ್ಚುವ ಮೊದಲೇ ಬರಿದಾಗುತ್ತಿತ್ತು. ಎರಡನೆಯದರಲ್ಲಿ ಮೊಳೆಯನ್ನು ಹೊರಗಿನಿಂದ ಒಳಗೆ ಹೊಡೆದಿದ್ದ, ಹನಿಗಳೆಲ್ಲ ಕೂಡಿ ಕೆಳಗೆ ಜಾರಿದವು. ಮೂರನೆಯದಕ್ಕೆ ಒಳಗಿನಿಂದ ಹೊರಗೆ ಸಣ್ಣ ಮೊಳೆ ಹೊಡೆದು, ಎದ್ದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ನೀರು ಬೇರೆ ಬೇರೆ ಎಳೆಯಾಗಿ ಬಿತ್ತು. ಕಣ್ಣು ಮುಚ್ಚಿ ನನ್ನ ಮೊಣಕಾಲಿಗೆ ಬಿಟ್ಟುಕೊಂಡೆ, ಬೆರಳು ಆಡಿಸಿದ ಹಾಗಿತ್ತು. ಹಿಡಿಕೆಗೆ ನೂಲಿನ ಪಟ್ಟಿ ಸುತ್ತಿಸಿದೆ, ಸೋಪಿನ ಕೈ ಜಾರಬಾರದು, ತಗಡಿನ ಬಿಸಿ ತಾಗಬಾರದು. ಚಿಮಟವನ್ನು ಹೆಬ್ಬೆರಳಿಗೆ ಸಿಗುವಲ್ಲಿ ನಳಿಗೆಗೆ ಕಚ್ಚಿಸಿದೆ. ಡಬ್ಬಿಯನ್ನೂ ಚಾಚಾ ಹೊಸದಾಗಿ ಮಾಡಿ, ಕೆಳಗೆ ತಿರುಪಿನ ಹಿತ್ತಾಳೆ ಬಾಯಿ ಕೂರಿಸಿ, ಅಲ್ಲಿ ನಳಿಗೆ ಜೋಡಿಸಿಕೊಟ್ಟ. ಮಾಸ್ತರರ ಮನೆಯವರು ಅದಕ್ಕೆ ಕೈಝಾರಿ ಎಂದು ಹೆಸರಿಟ್ಟರು.

ವೈನಿಗೆ ಕ್ರಮ ಹೇಳಿಕೊಟ್ಟೆ. ಮಣೆ ಬೇಡ, ಗೂಟದ ಡಬ್ಬಿಯ ಕೆಳಗೆ ಬೆತ್ತ ಹೆಣೆದ ಹಳೆಯ ಕುರ್ಚಿ, ನೀರು ಕೆಳಗೆ ಇಳಿದುಹೋಗುತ್ತದೆ. ಬಿಸಿನೀರು ತಣ್ಣೀರು ಕೆಳಗೆ ಬಕೇಟಿನಲ್ಲಿಯೇ ಬೆರೆಸಿ, ಮೊಣಕೈ ಅದ್ದಿ ನೋಡಿ, ಆಮೇಲೆ ಡಬ್ಬಿಗೆ ತುಂಬುವುದು. ಮೊದಲು ಎಡಪಾದಕ್ಕೆ ಬಿಟ್ಟು ಆಯಿಯನ್ನೇ ಕೇಳುವುದು. ಎಡಪಾದ ಹೂಂ ಎಂದರೆ ಮಾತ್ರ ಬಲಗಡೆಗೆ.

ಕೆಲವು ದಿನ ಎಲ್ಲ ಸರಿಹೋಯಿತು. ಆಯಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದರು. ಹಿಂದಲೆಗೆ ನೀರು ಬಿದ್ದಾಗ ತಾವೇ ಏನೋ ಗುನುಗುತ್ತಿದ್ದರು. ಅನ್ನ, ತೊವ್ವೆ, ಮೆತ್ತಗೆ ಕಲಸಿದ್ದು, ತಟ್ಟೆಯ ಮುಕ್ಕಾಲು ಹೋಗುತ್ತಿತ್ತು. ಹುಣ್ಣಿನ ತಳ ಕೆಂಪಾಗಿ ಕಾಣತೊಡಗಿತು, ಅದು ಒಳ್ಳೆಯ ಬಣ್ಣ.

ಆದರೆ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತಾಗ ಬಚ್ಚಲ ಗೋಡೆಯ ಮೇಲೆ ಇರುವೆ ಸಾಲು ಕಂಡಿತು. ಕಿಂಡಿಯಿಂದ ಹೊರಟು, ಹೊಗೆ ಹಿಡಿದ ಗೋಡೆಗುಂಟ ಡಬ್ಬಿಯ ಕಡೆಗೆ. ನೀರಿದ್ದಲ್ಲಿ ಇರುವೆ ಯಾಕೆ ಬರುತ್ತದೆ ಎಂದು ವೈನಿಯನ್ನು ಕೇಳಿದೆ. ಅವರು ಒರೆಸಿಬಿಟ್ಟರು. ಮರುದಿನ ಮತ್ತೆ ಬಂದಿದ್ದವು. ಡಬ್ಬಿಯ ಬಾಯಿಯ ಸುತ್ತ ಕಪ್ಪಗೆ ಮುತ್ತಿದ್ದವು. ಗೋಡೆಯ ಮೇಲೆ ಒದ್ದೆಯ ಗೆರೆಯೊಂದು ಕೆಳಗೆ ಇಳಿದಿತ್ತು, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಡಬ್ಬಿ ಮಡಿಯದು, ನಾನು ಮುಟ್ಟುವಂತಿಲ್ಲ.

"ಮಾವಶಿಯವರ, ಆ ಜೋಡಣಿ ಒಮ್ಮೆ ಬಿಚ್ಚಿ ನೋಡ್ರಿ. ಸೋರಾಕತ್ತೈತಿ."

"ಏನೂ ಆಗಿಲ್ಲ. ನಾ ನೋಡೇನಿ," ಎಂದರು ಅವರು. ಅಂದದ್ದು ತೀರ ಬೇಗ.

ಚಳಿ ಹೆಚ್ಚಿದ ಪುಷ್ಯ ಮಾಸ. ಅಂದು ಬೆಳಿಗ್ಗೆ ಗಾಳಿ ಬೀಸುತ್ತಿತ್ತು. ಸೋಪು ಹಚ್ಚುವಷ್ಟರಲ್ಲಿ ಡಬ್ಬಿಯ ನೀರು ಆರಿತು. ಆಯಿಯ ಎಡಗಡೆ ಮೈ ನಡುಗಿತು. "ತಣ್ಣಗ," ಎಂದರು. ವೈನಿಗೆ ಕನಿಕರ ಬಂತು. ಚಿಮಟ ಕಚ್ಚಿಸಿ ಕೈಝಾರಿಯನ್ನು ಕುರ್ಚಿಯ ತೋಳಿಗೆ ಸಿಕ್ಕಿಸಿ, ಹಂಡೆಯಿಂದ ಒಂದು ದೊಡ್ಡ ಚೊಂಬು ಕುದಿನೀರು ತೆಗೆದು, ಕಾಲ್ಬೆರಳ ಮೇಲೆ ನಿಂತು ನೇರವಾಗಿ ಡಬ್ಬಿಗೆ ಸುರಿದರು. "ವೈನಿ, ಬಕೇಟಿನ್ಯಾಗ..." ಎನ್ನುವಷ್ಟರಲ್ಲಿ ಅವರು ಇನ್ನೊಂದು ಚೊಂಬು ಸುರಿದಾಗಿತ್ತು.

ಏನೂ ಸದ್ದಾಗಲಿಲ್ಲ. ನಳಿಗೆ ಹಾವಿನಂತೆ ಡಬ್ಬಿಯಿಂದ ಜಾರಿ ಕೆಳಗೆ ಬಿತ್ತು. ಆಮೇಲೆ ಹಬೆ. ನೀರೆಲ್ಲ ಒಂದೇ ಧಾರೆಯಾಗಿ ಆಯಿಯ ಬಲಹೆಗಲ ಮೇಲೆ, ತೋಳಿನ ಮೇಲೆ, ಎದೆಯ ಬಲಬದಿಗೆ ಇಳಿಯಿತು. ವೈನಿ ಚೀರಿದರು. ಆಯಿ ಚೀರಲಿಲ್ಲ. ಹಬೆಯೊಳಗೆ ಕೂತು, ಸೊಸೆ ಯಾಕೆ ಕೂಗಿದಳೆಂದು ತಲೆ ತಿರುಗಿಸಿ ನೋಡುತ್ತಿದ್ದರು.

ನಾನು ಹೊಸ್ತಿಲು ದಾಟಿದೆ. ಕುರ್ಚಿಯ ಹಿಂಗಾಲು ಹಿಡಿದು ಆಯಿಯ ಸಮೇತ ಎಳೆದೆ. ಬಕೇಟಿನ ತಣ್ಣೀರನ್ನು ಹೆಗಲಿಗೆ ಸುರಿದೆ, ಮತ್ತೆ ಸುರಿದೆ. ಚರ್ಮ ಕೆಂಪಾಗಿ, ನಾನು ನೋಡುತ್ತಿದ್ದಂತೆ ಉಬ್ಬುತ್ತಿತ್ತು. ಆಯಿ ತಮ್ಮ ಎಡಭುಜ ಹಿಡಿದಿದ್ದ ನನ್ನ ಕೈಯನ್ನು ನೋಡಿದರು.

"ಯಾಕ... ನನ್ನ ಮುಟ್ಟಿದಿ?" ಎಂದರು. ಸುಟ್ಟದ್ದು ಅವರಿಗೆ ತಿಳಿಯಲಿಲ್ಲ, ಮುಟ್ಟಿದ್ದು ತಿಳಿಯಿತು. ಸೊಸೆಯ ಕಡೆ ತಿರುಗಿ, "ಇನ್ನೊಮ್ಮೆ... ಸ್ನಾನ ಮಾಡಸು," ಎಂದರು.

ಡಾಕ್ಟರು ಬಂದರು. ವ್ಯಾಸಲೀನು ಹಚ್ಚಿದ ಜಾಳು ಬಟ್ಟೆ ಹೊದಿಸಿ, ಮೇಲೆ ಹತ್ತಿಯಿಟ್ಟು ಕಟ್ಟಿದೆವು. ಪೆನ್ಸಿಲಿನ್ ಕೊಟ್ಟರು. "ಸುಟ್ಟ ಮೈಯಿಂದ ನೀರು ಹೋಗ್ತಾ ಇರ್ತದ. ಕುಡೀಬೇಕು, ತಿನ್ನಬೇಕು. ತಿನ್ನದಿದ್ದರ ನನ್ನ ಔಷಧದಿಂದ ಏನೂ ಆಗೂದಿಲ್ಲ. ನಾ ಹೇಳೂ ತನಕ ಮೈಗೆ ನೀರು ಸೋಕಬಾರದು," ಎಂದು ಮಾಸ್ತರರಿಗೆ ಹೇಳಿ ಹೋದರು. ಮಾಸ್ತರರು ಗೋಡೆ ಹಿಡಿದು ನಿಂತಿದ್ದರು. ಸ್ನಾನವಿಲ್ಲದೆ ತಿನ್ನದವರಿಗೆ, ಸ್ನಾನ ಮಾಡದೆ ತಿನ್ನಿರಿ ಎಂದಂತಾಯಿತು.

ಬಿದ್ದ ನಳಿಗೆಯನ್ನು ನಾನು ಎತ್ತಿ ನೋಡಿದೆ. ಇನ್ನು ಮಡಿಯ ಮಾತೇನಿತ್ತು. ಹಿತ್ತಾಳೆಯ ಬಾಯಿಯಲ್ಲಿ ಚಾಚಾ ಹಾಕಿದ್ದ ಚರ್ಮದ ಬಿಲ್ಲೆ ಇರಲಿಲ್ಲ. ಜೋಡಣೆ ಬಿಗಿಯಾಗಿ ಕೂಡಲು ಹಾಕುವ ಬಿಲ್ಲೆ ಅದು, ಅವನ ಮಾತಿನಲ್ಲಿ ವಾಯ್ಸರ್. ಅದರ ಜಾಗದಲ್ಲಿ ಹೂಬತ್ತಿಯ ಹತ್ತಿ, ತುಪ್ಪದಲ್ಲಿ ಅದ್ದಿ ಸುತ್ತಿದ್ದು. ಹದ ಬಿಸಿಗೆ ಅದು ಹೇಗೋ ತಡೆದಿತ್ತು. ಕುದಿನೀರು ತಾಗಿ ತುಪ್ಪ ಕರಗಿತ್ತು. ಇರುವೆಗಳು ಬಂದದ್ದು ಅದಕ್ಕೇ.

ಮಾವಶಿ ಬಾಗಿಲಲ್ಲಿ ನಿಂತಿದ್ದರು.

"ಚರ್ಮಾ ದಾಟಿ ಬಂದ ನೀರು ಅಕ್ಕನ ನೆತ್ತಿಗೆ ಹ್ಯಾಂಗ ಹಾಕ್ಲಿ?" ಎಂದರು. "ನಾನ ತಗದೆ. ತಿರುಪು ಬಿಗಿ ಆಗಲಿಲ್ಲ. ಹತ್ತಿ ಸುತ್ತಿದೆ."

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವರು ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಆ ದಿನ ಆಯಿ ತಿನ್ನಲಿಲ್ಲ. ಮರುದಿನವೂ ಇಲ್ಲ. ಚಮಚದಲ್ಲಿ ತೀರ್ಥ ಬಿಟ್ಟರೆ ಎಳನೀರನ್ನೂ ಒಲ್ಲೆ ಎಂದರು. ಮಾಸ್ತರರು ಕಾಲು ಹಿಡಿದು ಬೇಡಿಕೊಂಡರು. ನಾಲಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಪಟ್ಟಿ ಬಿಚ್ಚಿದಾಗಿನ ವಾಸನೆ ನಾನು ಬಲ್ಲ ವಾಸನೆ. ಚೀಲ ಹಿಡಿದು ಓಣಿ ದಾಟುವಾಗ ಮನೆಯೊಳಗಿನಿಂದ ಅಳು ಕೇಳಿಸುತ್ತದೆಯೇ ಎಂದು ಕಿವಿಗೊಡುವ ಚಟ ಹತ್ತಿತು.

ಮೂರನೆಯ ದಿನ ಮಾಸ್ತರರು ಯಂಕಂಚಿಯಿಂದ ತಮ್ಮ ಮನೆತನದ ಆಚಾರ್ಯರನ್ನು ಕರೆತಂದರು. ಎಲ್ಲ ಕೇಳಿದ ಮೇಲೆ ಅವರು, ಆತುರಸ್ನಾನ ಇದೆಯಲ್ಲ ಎಂದರು. ರೋಗಿಯ ಮೈಗೆ ನೀರು ಹಾಕುವಂತಿಲ್ಲದಿದ್ದರೆ ಗಟ್ಟಿ ಇದ್ದವರೊಬ್ಬರು ಸ್ನಾನ ಮಾಡಿ ಬಂದು ರೋಗಿಯನ್ನು ಮುಟ್ಟಬೇಕು. ಮತ್ತೆ ಸ್ನಾನ ಮಾಡಬೇಕು, ಮತ್ತೆ ಮುಟ್ಟಬೇಕು. ಹೀಗೆ ಹತ್ತು ಸಲ ಆದರೆ ರೋಗಿಗೆ ಸ್ನಾನವಾದಂತೆ.

"ನಾ ಮಾಡ್ತೇನಿ," ಎಂದರು ಮಾವಶಿ.

"ನಾನಿದ್ದೇನಲ್ಲ," ಎಂದರು ವೈನಿ.

"ನೀ ಅಡಗಿ ಮಾಡು. ಇದು ನಂದು."

ಬಾವಿಯ ಕಟ್ಟೆಯಲ್ಲಿ, ಆ ಗಾಳಿಯಲ್ಲಿ, ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡು ಒದ್ದೆ ಸೀರೆಯಲ್ಲೇ ಒಳಗೆ ಬಂದು ಅಕ್ಕನ ಎಡಗೈ ಮುಟ್ಟಿದರು. ಹೊರಗೆ ಹೋದರು, ಮತ್ತೆ ಬಂದರು. ನಡುಮನೆಯಿಂದ ಹಿತ್ತಿಲವರೆಗೆ ಒದ್ದೆ ಹೆಜ್ಜೆಗಳು ಒಂದರ ಮೇಲೊಂದು ಬಿದ್ದವು. ಅರ್ಧ ದಾಟುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಕೊನೆಕೊನೆಗೆ ಮೆಟ್ಟಿಲ ಬಳಿ ಕಾಲು ತಡವರಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಕೈ ಚಾಚಿದೆ. ಅವರು ಕಣ್ಣಿನಲ್ಲೇ ನನ್ನನ್ನು ತಡೆದರು. ಮುಟ್ಟಿದ್ದರೆ ಮೊದಲಿನಿಂದ ಎಣಿಸಬೇಕಿತ್ತು.

ಆಯಿ ಉಂಡರು. ಗಂಜಿ, ಹಾಲು. ಮನೆಯವರೆಲ್ಲ ಅತ್ತರು. ನನ್ನ ಕಿವಿ ಮಾತ್ರ ಪಕ್ಕದ ಕೋಣೆಯ ಕೆಮ್ಮಿನ ಕಡೆಗಿತ್ತು. ಮಾವಶಿಯ ಉಗುರುಗಳು ಮಧ್ಯಾಹ್ನವಾದರೂ ನೀಲಿಯಾಗಿಯೇ ಇದ್ದವು.

"ನಾಳೆ ಬಿಸಿನೀರಿಲೆ ಮಾಡ್ರಿ," ಎಂದೆ.

"ತಣ್ಣೀರ ಸಾಕು ನನಗ."

"ಸಾಕು ಅಂದ್ರ? ಎರಡು ದಿನ ಹಿಂಗ ಮಾಡಿದ್ರ ನೀವು ಹಾಸಿಗಿ ಹಿಡೀತೀರಿ. ಆಮ್ಯಾಲ ನಿಮ್ಮನ್ನ ನೋಡಬೇಕೋ ಆಯೀನ ನೋಡಬೇಕೋ?"

"ನಾ ಸುಟ್ಟವಳು. ನನಗ ಚಳಿ ಹತ್ತಿದ್ರ ಹತ್ತಲಿ."

ನಾನು ಚೀಲ ಕೆಳಗಿಟ್ಟು ಕೂತೆ. ಆಮೇಲೆ ಹೇಳಿದೆ: "ಮಾವಶಿಯವರ, ಪಶ್ಚಾತ್ತಾಪ ಪಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಆಯಿ ಮುಂದ ನಿಮ್ಮ ಕೈ ಮುಟ್ಟಿದ್ರಷ್ಟ ಉಣ್ಣಾವ್ರು. ಆ ಕೈ ಈಗ ನಿಮ್ಮದೊಂದ ಅಲ್ಲ. ಕೂತು, ಬೆಚ್ಚಗ, ಕೈಝಾರಿಲೆ ಸ್ನಾನ ಮಾಡೂದಾದ್ರ ನಾ ನಾಳೆ ಬರ್ತೇನಿ. ಇಲ್ಲಾಂದ್ರ ಡಾಕ್ಟರಿಗೆ ಹೇಳಿ ಆಯೀನ ಸೋಲಾಪುರಕ್ಕ ಕಳಸ್ತೇನಿ. ಅಲ್ಲಿ ಯಾರ ಯಾರ ಮುಟ್ತಾರೋ ಏನೋ. ನಿಮಗ ಬಿಟ್ಟದ್ದು."

ಅವರು ಸೆರಗು ಬಿಗಿಯಾಗಿ ಹೊದ್ದುಕೊಂಡರು. "ಚರ್ಮಾ ಇರಬಾರದು," ಎಂದರು.

ಅದೇ ಸಂಜೆ ಡಬ್ಬಿ ಹೊತ್ತು ಚಾಚಾನ ಹತ್ತಿರ ಹೋದೆ. ಆಗಿದ್ದನ್ನು ಹೇಳಿದಾಗ ಅವನು ಸುತ್ತಿಗೆ ಕೆಳಗಿಟ್ಟ. "ನನಗ ಯಾಕ ಕೇಳಲಿಲ್ರಿ? ಅವರ ಮನಿ ರೀತಿ ನನಗೇನು ಹೊಸದಾ? ನಾ ಆದರೂ ಕೇಳಬೇಕಿತ್ತು," ಎಂದ. ಬೇಸರ ಯಾರ ಮೇಲೆಂದು ಅವನಿಗೂ ಗೊತ್ತಿರಲಿಲ್ಲ. ತಿರುಪಿನ ಬಾಯಿಯನ್ನು ಕಿತ್ತುಹಾಕಿದ. ಆ ಜಾಗಕ್ಕೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ಇರುವ ಗೇಣುದ್ದದ ಸೊಂಡಿಲು ಬೆಸೆದ. ರಬ್ಬರ್ ನಳಿಗೆಯನ್ನು ಅದರ ಮೇಲೆ ಮೊಣಕೈ ಊರಿ ಏರಿಸಿ, ಮೇಲೆ ತಾಮ್ರದ ತಂತಿ ಬಿಗಿದ. ತಿರುಪಿಲ್ಲ, ಬಿಲ್ಲೆಯಿಲ್ಲ. ಕುದಿನೀರು ತುಂಬಿ ಇಬ್ಬರೂ ಕೂತು ನೋಡಿದೆವು. ಅವನು ನಳಿಗೆಗೆ ಜೋತುಬಿದ್ದು ಎಳೆದ. ಹನಿ ಬರಲಿಲ್ಲ.

"ರಬ್ಬರ್ ನಡೀತೈತೇನ್ರಿ ಅವರಿಗೆ?"

"ಗಿಡದ ಹಾಲು ಅಂತ ಹೇಳೇನಿ."

"ಖರೇನ ಹೇಳೀರಿ ಬಿಡ್ರಿ," ಎಂದು ಒಂದಿಷ್ಟು ನಕ್ಕ.

ಈ ಸಲ ಡಬ್ಬಿಯನ್ನು ಕೂತವರ ತಲೆಯ ಮೇಲೆ ಹಾಕಿಸಲಿಲ್ಲ. ಮಾಸ್ತರರಿಗೆ ಹೇಳಿ ಎದುರು ಮೂಲೆಯಲ್ಲಿ ಗೂಟ ಹೊಡೆಸಿದೆ. ಬಿದ್ದರೆ ಕಲ್ಲಿನ ಮೇಲೆ ಬೀಳಲಿ. ಕುರ್ಚಿಯಿಂದ ಬಾಗಿಲವರೆಗೆ ಗೋಣಿಚೀಲ ಹಾಸಿದೆವು, ಒದ್ದೆ ಕಾಲು ಜಾರಬಾರದು.

ಮರುದಿನ ಮಾವಶಿ ಬೆತ್ತದ ಕುರ್ಚಿಯಲ್ಲಿ ಕೂತರು. ಮೊದಮೊದಲು ಬೆನ್ನು ನೆಟ್ಟಗಿತ್ತು. ವೈನಿ ಎಡಪಾದಕ್ಕೆ ನೀರು ಬಿಟ್ಟು ಕೇಳಿದರು. "ನನ್ನ ಎರಡೂ ಕಾಲು ಜೀವಂತ ಅವ," ಎಂದು ಮಾವಶಿ ಗದರಿದರು. ಹಿಂದಲೆಗೆ ಬೆಚ್ಚನೆಯ ನೀರು ಬಿದ್ದಾಗ ಮಾತು ನಿಂತಿತು. ಕಣ್ಣು ತಾವೇ ಮುಚ್ಚಿಕೊಂಡವು. ಬಹುಶಃ ಎಷ್ಟೋ ವರ್ಷಗಳಿಂದ ಆ ಹೆಂಗಸಿನ ಮೈಗೆ ಬೇರೊಬ್ಬರು ನೀರು ಹಾಕಿರಲಿಲ್ಲ. ಎದ್ದು, ಹೋಗಿ, ಅಕ್ಕನನ್ನು ಮುಟ್ಟಿ, ಬಂದು ಕೂತರು. ಪ್ರತಿ ಸಲ ಕೂಡುವಾಗ ಬೆನ್ನು ಸ್ವಲ್ಪ ಸ್ವಲ್ಪ ಕುರ್ಚಿಗೆ ಆತುಕೊಳ್ಳುತ್ತ ಬಂತು. ನಾನು ಹೊಸ್ತಿಲ ಹೊರಗೆ ನಿಂತು ಡಬ್ಬಿಯ ಬುಡವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಹತ್ತನೆಯ ಸಲ ಮುಟ್ಟಿದಾಗ ಆಯಿ ಆ ಕೈಯನ್ನು ಬಿಡಲಿಲ್ಲ. ತಿರುಗಿಸಿ, ಅಂಗೈಯನ್ನು ತಮ್ಮ ಎಡಕೆನ್ನೆಗೆ ಇಟ್ಟುಕೊಂಡು ನೋಡಿದರು.

"ಇವತ್ತ ಬೆಚ್ಚಗದ," ಎಂದರು.

ಸುಟ್ಟ ಗಾಯದ ಅಂಚು ಅಂದಿಗೆ ಹಾಗೆಯೇ ಇತ್ತು, ಒಣಗಿರಲಿಲ್ಲ, ಹರಡಿರಲೂ ಇಲ್ಲ. ಆಯಿ ಉಳಿಯುತ್ತಾರೆಂದು ನಾನು ಯಾರಿಗೂ ಹೇಳಲಿಲ್ಲ. ಕೇಳಿದ ಮಾಸ್ತರರಿಗೂ, ಇವತ್ತು ಉಣ್ಣಲಿ ನೋಡೋಣ ಎಂದಷ್ಟೇ ಹೇಳಿದೆ.

ಅಂದು ಆಯಿಗೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ, ಮೇಲೆ ನೀರು ಮಜ್ಜಿಗೆ. ವೈನಿ ತುತ್ತು ಇಟ್ಟರು, ತಟ್ಟೆ ಬರಿದಾಯಿತು. ನನಗೆ ಪಡಸಾಲೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಮಾವಶಿ ತಮ್ಮ ಎಲೆಯ ಮುಂದೆ ಕೂತವರು ಎರಡು ತುತ್ತು ತಿಂದು ಗೋಡೆಗೆ ಒರಗಿದರು. ಮನೆಯಲ್ಲಿ ಮೊದಲು ನಿದ್ದೆ ಹೋದವರು ಅವರೇ, ಎಲೆಯಲ್ಲಿ ಅನ್ನ ಇರುವಾಗಲೇ. ವೈನಿ ಎಬ್ಬಿಸಲು ಹೋದಾಗ ಹಾಸಿಗೆಯಿಂದ ಆಯಿ ಎಡಗೈ ಎತ್ತಿ, ಬೇಡ ಎಂದು ಸನ್ನೆ ಮಾಡಿದರು.